ಹಬೀಬಿ ಅಂದರೆ ಏನು, ಯಾರಿಗೆ ಅನ್ನಬಹುದು?

ತಮ್ಮಾ, ನಿನ್ನ ಮೆಸೇಜು ಓದಿದೆ. ದುಬೈಗೆ ಬಂದು ವಾರ ಆಗಿಲ್ಲ, ಅಂಗಡಿಯವನು, ಟ್ಯಾಕ್ಸಿಯವನು, ಆಫೀಸಿನ ಲೆಬನಾನಿನವನು ಎಲ್ಲರೂ ‘ಹಬೀಬಿ’ ಅನ್ನುತ್ತಾರೆ, ಅರ್ಥ ಏನು, ನಾನೂ ಹಾಗೇ ಕರೆಯಬಹುದಾ ಅಂತ ಕೇಳಿದ್ದೀ. ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯಿಂದ ಬಂದವರಿಗೆ ಈ ಗೊಂದಲ ಸಹಜ. ಊರಲ್ಲಿ ಗುರುತಿಲ್ಲದವರನ್ನೂ ಅಣ್ಣ, ಅಕ್ಕ, ಇಚ್ಚ (ನಮ್ಮ ಕಡೆಯ ಮುಸ್ಲಿಮರಲ್ಲಿ ಅಣ್ಣ) ಅಂತಲೇ ಮಾತಾಡಿಸಿ ಅಭ್ಯಾಸ ಅಲ್ವಾ.

ಅರಬಿಯಲ್ಲಿ ‘ಹುಬ್ಬ್’ ಅಂದರೆ ಪ್ರೀತಿ. ‘ಹಬೀಬ್’ ಅಂದರೆ ಪ್ರೀತಿಯವನು. ಕೊನೆಯ ‘ಈ’ ಸೇರಿದರೆ ‘ನನ್ನ’ ಪ್ರೀತಿಯವನು. ಹೆಂಗಸರಿಗೆ ‘ಹಬೀಬ್ತಿ’. ಹಿಂದಿ ಹಾಡುಗಳಲ್ಲಿ ಕೇಳುವ ಮೊಹಬ್ಬತ್, ಮೆಹಬೂಬ್ ಕೂಡ ಇದೇ ಬೇರಿನವು. ಹಾಗಂತ ಟ್ಯಾಕ್ಸಿಯವನಿಗೆ ನಿನ್ನ ಮೇಲೆ ಪ್ರೀತಿ ಉಕ್ಕಿದೆ ಅಂದುಕೊಳ್ಳಬೇಡ. ನಮ್ಮ ‘ಮಾರಾಯ’ ಇದ್ದ ಹಾಗೆ ಅದು. ಮಾರಾಯ ಅಂದವರೆಲ್ಲ ನಮ್ಮನ್ನು ಮಹಾರಾಜ ಮಾಡುತ್ತಾರಾ? ‘ಎಂತ ಮಾರಾಯ, ಕಾಣ್ಲಿಕ್ಕೇ ಇಲ್ಲ’ ಅಂದರೆ ಸಲುಗೆ. ‘ಸಾಕು ಮಾರಾಯ’ ಅಂದರೆ ಕಿರಿಕಿರಿ. ಇಲ್ಲಿಯೂ ತಾಯಿ ಮಗುವಿಗೆ ಹಬೀಬಿ ಅನ್ನುತ್ತಾಳೆ, ಗೆಳೆಯ ಗೆಳೆಯನಿಗೆ ಅನ್ನುತ್ತಾನೆ. ಪಾರ್ಕಿಂಗ್ ಜಗಳದಲ್ಲಿ ‘ಯಾ ಹಬೀಬೀ’ ಅಂತ ಎಳೆದರೆ ತಾಳ್ಮೆ ಮುಗಿಯಿತು ಅಂತ ತಿಳಿ. ದುಬೈಯ ಹಳೇ ಪೇಟೆ ದೇರಾದ ಅಂಗಡಿಯಲ್ಲಿ ‘ಹಬೀಬಿ, ನಿನಗೆ ಸ್ಪೆಷಲ್ ರೇಟು’ ಅಂದರೆ ಚೌಕಾಸಿ ಶುರು ಮಾಡು.

ನೀನು ಕೇಳದ ಎರಡು ಪದ ಇವೆ. ಅವುಗಳ ಬಗ್ಗೆ ಹೇಳಲೇಬೇಕು. ‘ರಫೀಕ್’ ಅಂದರೆ ಜೊತೆಗಾರ. ‘ಸದೀಕ್’ ಅಂದರೆ ಗೆಳೆಯ, ಸತ್ಯ ಅನ್ನುವ ಅರ್ಥದ ಬೇರಿನಿಂದ ಬಂದದ್ದು. ನಮ್ಮೂರ ಕಡೆಯ ಉಪ್ಪಳ ಪೇಟೆಯಲ್ಲಿ ನಿಂತು ಹಬೀಬ್, ರಫೀಕ್, ಸಿದ್ದೀಕ್ ಅಂತ ಕೂಗಿದರೆ ಮೂರು ಜನ ತಿರುಗಿ ನೋಡಿಯಾರು, ಅಷ್ಟು ಪರಿಚಯದ ಹೆಸರುಗಳು. ಆದರೆ ಗಲ್ಫಿನಲ್ಲಿ ನಮ್ಮವರನ್ನು, ಪಾಕಿಸ್ತಾನ, ಬಾಂಗ್ಲಾದ ಕೆಲಸದವರನ್ನು ಹೆಸರು ಕೇಳುವ ಗೋಜಿಗೇ ಹೋಗದೆ ಕರೆಯಲು ಎಷ್ಟೋ ಜನ ಈ ಪದಗಳನ್ನೇ ಬಳಸುತ್ತಾರೆ. ‘ಏ ರಫೀಕ್, ಇದನ್ನು ಎತ್ತು’ ಅನ್ನುವಾಗ ಅದರಲ್ಲಿ ಗೆಳೆತನ ಎಲ್ಲಿಂದ ಬರಬೇಕು? ನನಗಂತೂ ಇವತ್ತಿಗೂ ಹಿಡಿಸುವುದಿಲ್ಲ. ಎಲ್ಲರೂ ಕೀಳಾಗಿ ಕಂಡೇ ಹೇಳುತ್ತಾರೆ ಅಂತಲ್ಲ, ಕೆಲವರಿಗೆ ಅದು ಸುಮ್ನೆ ಬಾಯಿಗೆ ಬರುವ ಮಾತು. ದನಿ ಕೇಳಿದರೆ ಗೊತ್ತಾಗುತ್ತದೆ. ಹಾಗೆ ಕರೆದರೆ ನಗುತ್ತಲೇ ನಿನ್ನ ಹೆಸರು ಹೇಳು. ಮತ್ತೆ ಕರೆದರೆ ಮತ್ತೆ ಹೇಳು.

ಇನ್ನು ನೀನು ಕರೆಯುವ ವಿಷಯ. ಜೊತೆಗೆ ಕೆಲಸ ಮಾಡುವ ಗಂಡಸರು ಮೊದಲು ಹಬೀಬಿ ಅಂದರೆ ನೀನೂ ಅನ್ನು, ಏನೂ ತೊಂದರೆ ಇಲ್ಲ. ಗುರುತಿಲ್ಲದ ಅರಬರಿಗೆ ‘ಅಖೀ’ ಅನ್ನಬಹುದು, ನನ್ನ ಅಣ್ಣ ಅಥವಾ ತಮ್ಮ ಅಂದ ಹಾಗೆ. ಪಠಾಣ ಡ್ರೈವರಿಗೆ ‘ಭಾಯ್’ ಸಾಕು. ಮ್ಯಾನೇಜರಿಗೆ, ಪೊಲೀಸರಿಗೆ, ಸರ್ಕಾರಿ ಕೌಂಟರಿನವರಿಗೆ ಹಬೀಬಿ ಬೇಡ, ಸರ್ ಅನ್ನು. ಪರಿಚಯ ಇಲ್ಲದ ಹೆಂಗಸರಿಗೆ ‘ಹಬೀಬ್ತಿ’ ತಮಾಷೆಗೂ ಬೇಡ. ‘ಹಬೀಬಿ, ಕಮ್ ಟು ದುಬೈ’ ರೀಲ್ಸ್ ನೋಡಿ ಎಲ್ಲ ನಡೆಯುತ್ತದೆ ಅಂದುಕೊಳ್ಳಬೇಡ. ಹೆಂಗಸರನ್ನು ಮಾತಿನಲ್ಲಿ ಕೆಣಕಿದರೂ ಇಲ್ಲಿ ಕೇಸು ಆಗುತ್ತದೆ, ವೀಸಾಕ್ಕೂ ಕುತ್ತು ಬಂದೀತು.