ಎರಡು ಡಿಸ್ಕಿನ ನ್ಯಾಸ್‌ಗೆ ರೆಡ್ ಪ್ಲಸ್, ಐರನ್‌ವುಲ್ಫ್, ತೋಷಿಬಾ: ಯಾವುದು ತಗೋಬೇಕು?

ಬಳ್ಳಾರಿಯಲ್ಲಿ ಮನೆಯ ಫೋಟೊ, ವಿಡಿಯೊ ಇಡೋಕೆ ಎರಡು ಡಿಸ್ಕಿನ ನ್ಯಾಸ್ (ಮನೆಯ ನೆಟ್‌ವರ್ಕ್‌ಗೆ ಜೋಡಿಸಿ ಎಲ್ಲ ಫೋನ್, ಕಂಪ್ಯೂಟರಿನಿಂದ ಬಳಸುವ ಡಿಸ್ಕ್ ಡಬ್ಬಿ) ತಗೊಂಡಿದ್ದೀರಿ. 4 ಟಿಬಿಯಲ್ಲಿ ಡಬ್ಲ್ಯೂಡಿ ರೆಡ್ ಪ್ಲಸ್, ಸೀಗೇಟ್ ಐರನ್‌ವುಲ್ಫ್, ತೋಷಿಬಾ ಎನ್300, ಇದರಲ್ಲಿ ಯಾವುದು, ಅಂಗಡಿಯವರು ಹೇಳುವ ಡಬ್ಲ್ಯೂಡಿ ಪರ್ಪಲ್ ಆಗುತ್ತಾ ಅಂತ ಕೇಳಿದ್ದೀರಿ. ರೆಡ್ ಪ್ಲಸ್ ಅಥವಾ ಐರನ್‌ವುಲ್ಫ್ ತಗೊಳ್ಳಿ. ಎರಡರಲ್ಲಿ ಯಾವುದು ಬಿಲ್ ಸಮೇತ ಕಡಿಮೆಗೆ ಸಿಗುತ್ತೋ ಅದು.

ನಾನು ರಾಯಚೂರಿನವನು. ನಮ್ಮ ಕಡೆ ಮೊದಲು ನೋಡಬೇಕಾದ್ದು ಬಿಸಿ. ಎನ್300 ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, 4 ಟಿಬಿಯ ಉಳಿದೆರಡು ಸುಮಾರು 5400. ತೋಷಿಬಾ ಕೆಟ್ಟ ಡಿಸ್ಕ್ ಅಲ್ಲ. ಆದರೆ ಮನೆಯ ನೆಟ್‌ವರ್ಕ್‌ನಲ್ಲಿ ಆ ವೇಗ ಕಾಣುವುದೇ ಇಲ್ಲ, ಬಿಸಿ ಮತ್ತು ಸದ್ದು ಮಾತ್ರ ಜಾಸ್ತಿ. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಡಬ್ಬಿಯ ಸಣ್ಣ ಫ್ಯಾನ್ ಒಳಗೆಳೆಯುವುದೂ ಬಿಸಿ ಗಾಳಿಯನ್ನೇ ಅಲ್ವಾ? ನ್ಯಾಸ್‌ನ ಸೆಟ್ಟಿಂಗ್‌ನಲ್ಲಿ ಡಿಸ್ಕಿನ ಉಷ್ಣತೆ ಕಾಣುತ್ತದೆ. ಅದು 50 ದಾಟದ ಹಾಗೆ ನೋಡಿಕೊಳ್ಳುತ್ತೇನೆ. ಅಟ್ಟದ ಮೇಲೆ, ಇನ್ವರ್ಟರ್ ಪಕ್ಕ, ಮುಚ್ಚಿದ ಟಿವಿ ಕಪಾಟಿನಲ್ಲಿ ಇಡಬೇಡಿ. ನಿಮ್ಮೂರಿನ ಕೆಂಪು ಧೂಳು ಫ್ಯಾನಿಗೆ ಹತ್ತುತ್ತದೆ, ಆಗಾಗ ಒರೆಸಿ.

ಕೊಳ್ಳುವಾಗ ಲೇಬಲ್ ಓದಿ. 'ಪ್ಲಸ್' ಇಲ್ಲದ ರೆಡ್ ಬೇಡ. ಡಬ್ಲ್ಯೂಡಿ40ಇಎಫ್‌ಎಎಕ್ಸ್ ಅಂತ ಇದ್ದರೆ ವಾಪಸ್ ಕೊಡಿ. ಅದು ಎಸ್‌ಎಂಆರ್: ಹೆಂಚು ಹೊದಿಸಿದ ಹಾಗೆ ಒಂದು ಟ್ರ್ಯಾಕ್ (ಡೇಟಾ ಬರೆಯುವ ಗೆರೆ) ಮೇಲೆ ಇನ್ನೊಂದನ್ನು ಅರ್ಧ ಹೊದಿಸಿ ಬರೆಯುತ್ತದೆ. ಒಂದನ್ನು ಬದಲಿಸಬೇಕಾದರೆ ಪಕ್ಕದ್ದನ್ನೂ ತಿರುಗಿ ಬರೆಯಬೇಕು. ಒಂದು ಡಿಸ್ಕ್ ಕೆಟ್ಟು ಹೊಸದಕ್ಕೆ ಎಲ್ಲ ಡೇಟಾ ತುಂಬಿಸುವಾಗ ಇದು ಭಾರಿ ನಿಧಾನ. 2020ರಲ್ಲಿ ಇದರ ಮೇಲೆ ದೊಡ್ಡ ಗಲಾಟೆಯಾದ ಮೇಲೆ ಸಿಎಂಆರ್ (ಟ್ರ್ಯಾಕ್‌ಗಳನ್ನು ಹೀಗೆ ಹೊದಿಸದೆ ಪಕ್ಕಪಕ್ಕ ಬರೆಯುವ) ಡಿಸ್ಕ್‌ಗಳನ್ನು 'ರೆಡ್ ಪ್ಲಸ್' ಅಂತ ಬೇರೆ ಮಾಡಿದರು. ಐರನ್‌ವುಲ್ಫ್ ಎಲ್ಲವೂ ಸಿಎಂಆರ್.

ಪರ್ಪಲ್ ಇರುವುದು ಸಿಸಿಟಿವಿ ರೆಕಾರ್ಡಿಂಗ್‌ಗೆ. ನಡೆಯುತ್ತದೆ, ಆದರೆ ನ್ಯಾಸ್ ಡಿಸ್ಕೇ ಸಿಗುವಾಗ ಯಾಕೆ? ಕಂಪ್ಯೂಟರಿಗೆ ಹಾಕುವ ಸಾಮಾನ್ಯ ಡಿಸ್ಕ್ ಅಂತೂ ಬೇಡ. ಓದಲಾಗದ ಜಾಗ ಸಿಕ್ಕರೆ ಅದು ಬಹಳ ಹೊತ್ತು ಒದ್ದಾಡುತ್ತದೆ, ಅಷ್ಟರಲ್ಲಿ ರೇಡ್ (ಎರಡು ಡಿಸ್ಕನ್ನು ಒಟ್ಟಿಗೆ ನಡೆಸುವ ನ್ಯಾಸ್‌ನ ವ್ಯವಸ್ಥೆ) ಅದನ್ನು ಸತ್ತಿದೆ ಅಂತ ಹೊರಗೆ ಹಾಕಬಹುದು. ನ್ಯಾಸ್ ಡಿಸ್ಕ್ ಸುಮಾರು 7 ಸೆಕೆಂಡಿಗೆ ಬಿಟ್ಟು ಮುಂದೆ ಹೋಗುತ್ತದೆ.

ರೆಡ್ ಪ್ಲಸ್, ಐರನ್‌ವುಲ್ಫ್ ಎರಡಕ್ಕೂ 3 ವರ್ಷ ವಾರಂಟಿ, ಪ್ರೋ ಮಾದರಿಗೆ 5. ಪ್ರೋಗೆ ಕೊಡುವ ಹೆಚ್ಚಿನ ದುಡ್ಡನ್ನು ಮೂರನೇ ಡಿಸ್ಕಿಗೆ ಹಾಕಿ ಅಂತ ನಾನು ಒತ್ತಿ ಹೇಳುತ್ತೇನೆ. ರೇಡ್ 1, ಅಂದರೆ ಒಂದೇ ಡೇಟಾವನ್ನು ಎರಡೂ ಡಿಸ್ಕಿನಲ್ಲಿ ಇಡುವುದು, ಬ್ಯಾಕಪ್ ಅಲ್ಲ. ಮಗು ಕೈತಪ್ಪಿ ಮದುವೆ ಫೋಟೊ ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಿಂದ ಹೋಗುತ್ತದೆ. ಮೂರನೆಯದಕ್ಕೆ ವಾರಕ್ಕೊಮ್ಮೆ ಕಾಪಿ ಮಾಡಿ, ತೆಗೆದು ಬೇರೆ ಮನೆಯಲ್ಲಿಡಿ.

ಸೀಲ್ ಒಡೆಯುವ ಮೊದಲು ಸೀರಿಯಲ್ ನಂಬರನ್ನು ಕಂಪನಿ ವೆಬ್‌ಸೈಟಿನಲ್ಲಿ ಹಾಕಿ, ಭಾರತದಲ್ಲಿ ವಾರಂಟಿ ಇದೆಯಾ ನೋಡಿ. ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ತಗೊಂಡರೆ ಕರೆಂಟ್ ಹೋದಾಗ ನ್ಯಾಸ್ ತಾನೇ ಸರಿಯಾಗಿ ಬಂದ್ ಆಗುತ್ತದೆ. ನಿಮ್ಮ ನ್ಯಾಸ್ ಅದಕ್ಕೆ ಹೊಂದುತ್ತದಾ ಅಂತ ಮಾತ್ರ ಮೊದಲೇ ನೋಡಿಕೊಳ್ಳಿ.