ಚಹಾ-ಖಾರಿ, ಮುಪ್ಪು ಮತ್ತು ಹೊಟ್ಟೆಯ ಬ್ಯಾಕ್ಟೀರಿಯಾ

ಪ್ರಶ್ನೆ: ನಮ್ಮ ಮಾವನಿಗೆ 74. ಅತ್ತೆ ತೀರಿಕೊಂಡ ಮೇಲೆ ಅವರ ಊಟ ತುಂಬ ಕಮ್ಮಿಯಾಗಿದೆ. ಬೆಳಿಗ್ಗೆ ಚಹಾ-ಖಾರಿ (ಮೈದಾದ ಪದರಪದರ ಬಿಸ್ಕತ್ತು), ಮಧ್ಯಾಹ್ನ ಅನ್ನ-ಸಾರು, ಸಂಜೆ ಮತ್ತೆ ಚಹಾ-ಖಾರಿ. ನಾವಿಬ್ಬರೂ ಬೆಳಿಗ್ಗೆ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿಗೇ. ಹೊಟ್ಟೆಯ ಬ್ಯಾಕ್ಟೀರಿಯಾ ಸರಿಯಾದರೆ ಮುಪ್ಪು ನಿಧಾನ ಆಗುತ್ತದಂತೆ ಅಂತ ನಾದಿನಿ ಪ್ರೋಬಯಾಟಿಕ್ ಕ್ಯಾಪ್ಸೂಲ್ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ್ದು) ತರಿಸಿದ್ದಾಳೆ. ತುಂಬ ದುಬಾರಿ. ಕೊಡಬಹುದಾ?
– ಡೊಂಬಿವಲಿಯ ಓದುಗರು

ಉತ್ತರ: ಕ್ಯಾಪ್ಸೂಲಿನ ಮಾತು ಆಮೇಲೆ, ಮೊದಲು ಖಾರಿಯ ಮಾತಾಡೋಣ. ಮಾವ ತಿನ್ನುತ್ತಿರುವುದು ಮೈದಾ, ಸಕ್ಕರೆ, ಬಿಳಿ ಅನ್ನ. ಇದು ಬಹುಪಾಲು ಸಣ್ಣ ಕರುಳಿನಲ್ಲೇ ಜೀರ್ಣವಾಗಿ ಮುಗಿಯುತ್ತದೆ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರ ಒಂದು ಲೆಕ್ಕ, ಅದರಲ್ಲಿ ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ. ಅಲ್ಲಿಗೆ ತಲುಪುವ ಹೊತ್ತಿಗೆ ಖಾರಿಯಲ್ಲಿ ಅವಕ್ಕೆ ಅಂತ ಏನೂ ಉಳಿದಿರುವುದಿಲ್ಲ.

ಅವಕ್ಕೆ ಬೇಕಾದದ್ದು ಕಾಳು, ಸೊಪ್ಪು, ಹಣ್ಣಿನಲ್ಲಿರುವ ನಾರು. ನಾರನ್ನು ಹುಳಿಸಿ ಅವು ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರವೇ ಅದು. ನಾರು ಸಿಗದೇ ಹೋದರೆ ಕೆಲವು ಬ್ಯಾಕ್ಟೀರಿಯಾ ಕರುಳಿನ ಗೋಡೆಯ ಮೇಲಿರುವ ಲೋಳೆಯನ್ನೇ ತಿನ್ನಲು ಶುರು ಮಾಡುತ್ತವೆ. ಇಲಿಗಳಲ್ಲಿ ಇದನ್ನು ನೋಡಿದ್ದಾರೆ. ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾದ ಚೂರುಪಾರು ರಕ್ತಕ್ಕೆ ನುಸುಳುತ್ತದೆ, ಆಗ ಮೈಯ ರಕ್ಷಣಾ ವ್ಯವಸ್ಥೆ ಸದಾ ಸಣ್ಣಗೆ ಕೆರಳಿಕೊಂಡೇ ಇರುತ್ತದೆ. ಜ್ವರ ಇಲ್ಲ, ನೋವಿಲ್ಲ, ಒಳಗೆ ಮಾತ್ರ ಉರಿಯೂತ. ವಯಸ್ಸಿನ ಜೊತೆ ಬರುವ ಈ ಉರಿಯೂತಕ್ಕೆ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ 'ಇನ್‌ಫ್ಲಮೇಜಿಂಗ್' ಎಂದು ಹೆಸರಿಟ್ಟರು. ಸ್ನಾಯು ಸೊರಗುವುದು, ಹೃದಯದ ಕಾಯಿಲೆ, ಮಧುಮೇಹ, ಎಲ್ಲದರ ಹಿಂದೆಯೂ ಅದರ ಪಾಲು ಇದೆ ಅನ್ನುತ್ತಾರೆ.

ಹಾಗಂತ ಬ್ಯಾಕ್ಟೀರಿಯಾ ಬದಲಾದದ್ದಕ್ಕೇ ಮುಪ್ಪು ಬಂತು ಅನ್ನಲಾಗದು. ವಯಸ್ಸಾದಂತೆ ಊಟ ಕಮ್ಮಿ, ಓಡಾಟ ಕಮ್ಮಿ, ಮಾತ್ರೆ ಜಾಸ್ತಿ. ಇದರಿಂದಲೂ ಬ್ಯಾಕ್ಟೀರಿಯಾ ಬದಲಾಗುತ್ತವೆ. ಪ್ರಾಣಿಗಳಲ್ಲಿ ಮಾತ್ರ ಸುಳಿವು ಜೋರಾಗಿಯೇ ಇದೆ. 2017ರಲ್ಲಿ ಜರ್ಮನಿಯಲ್ಲಿ, ಕೆಲವೇ ತಿಂಗಳು ಬದುಕುವ ಕಿಲ್ಲಿಫಿಶ್ ಎಂಬ ಆಫ್ರಿಕಾದ ಮೀನಿಗೆ ನಡುವಯಸ್ಸಿನಲ್ಲಿ ಎಳೆ ಮೀನಿನ ಕರುಳಿನ ಬ್ಯಾಕ್ಟೀರಿಯಾ ಕೊಟ್ಟರು, ಅವು ಹೆಚ್ಚು ದಿನ ಬದುಕಿದವು. ಅದೇ ವರ್ಷ ಕೆನಡಾದಲ್ಲಿ, ಬ್ಯಾಕ್ಟೀರಿಯಾವೇ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಮುದಿಯಾದರೂ ಆ ಉರಿಯೂತ ಏರಲಿಲ್ಲ. ಸರಿ, ಆದರೆ ನಿಮ್ಮ ಮಾವ ಮೀನೂ ಅಲ್ಲ, ಇಲಿಯೂ ಅಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ನನಗೆ ತುಂಬ ಹಿಡಿಸುವುದು ಐರ್ಲೆಂಡಿನ ಕಾರ್ಕ್ ನಗರದವರು 2012ರಲ್ಲಿ ಪ್ರಕಟಿಸಿದ ಅಧ್ಯಯನ. 178 ಹಿರಿಯರನ್ನು ನೋಡಿದರು. ಮನೆಯಲ್ಲಿದ್ದು ಬಗೆಬಗೆಯದು ತಿನ್ನುವವರ ಕರುಳಿನಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ. ಆರೈಕೆ ಕೇಂದ್ರಗಳಲ್ಲಿ ಬಹುಕಾಲ ಇದ್ದವರ ಊಟದಲ್ಲಿ ವೈವಿಧ್ಯ ಕಮ್ಮಿ, ಬ್ಯಾಕ್ಟೀರಿಯಾದಲ್ಲೂ ಕಮ್ಮಿ, ಮೈ ನಿತ್ರಾಣವೂ ಜಾಸ್ತಿ. ನಿಮ್ಮ ಮಾವ ಮನೆಯಲ್ಲೇ ಇದ್ದಾರೆ ನಿಜ, ಆದರೆ ಅವರ ತಟ್ಟೆ ಆರೈಕೆ ಕೇಂದ್ರದ ತಟ್ಟೆಗಿಂತ ಬಡವಾಗಿದೆ, ಅಲ್ವಾ?

ಹಲ್ಲು ಹೇಗಿದೆ ಅಂತ ಮೊದಲು ಕೇಳಿ. ಖಾರಿಯನ್ನು ಚಹಾದಲ್ಲಿ ಅದ್ದಿ ತಿನ್ನುವವರು ಎಷ್ಟೋ ಸಲ ಅಗಿಯಲಾಗದೇ ತಿನ್ನುತ್ತಿರುತ್ತಾರೆ, ಹೇಳುವುದಿಲ್ಲ ಅಷ್ಟೇ. ರಾತ್ರಿ ಹೆಸರುಕಾಳು ನೆನೆಹಾಕಿ, ಬೆಳಿಗ್ಗೆ ಬೆರಳಲ್ಲಿ ಒತ್ತಿದರೆ ಕರಗುವಷ್ಟು ಕುಕ್ಕರಿನಲ್ಲಿ ಬೇಯಿಸಿ, ಸ್ವಲ್ಪ ತೆಂಗಿನತುರಿ, ಜೀರಿಗೆ ಒಗ್ಗರಣೆ ಹಾಕಿಡಿ. ಮಾರ್ಕೆಟ್ಟಿನಲ್ಲಿ ಲಾಲ್ ಮಾಠ್ ಅಂತ ಮಾರುವುದು ನಮ್ಮ ಕೆಂಪು ಹರಿವೆಯೇ, ಸಣ್ಣಗೆ ಹೆಚ್ಚಿ ಸಾರಿಗೇ ಹಾಕಿಬಿಡಿ. ರಾತ್ರಿ ಉಳಿದ ಅನ್ನ ಇದ್ದರೆ ಬೆಳಿಗ್ಗೆ ಮಜ್ಜಿಗೆ ಕಲಸಿ ಕೊಡಿ: ಬೆಂದು ತಣ್ಣಗಾದ ಅನ್ನದಲ್ಲಿ ಸ್ವಲ್ಪ ಪಿಷ್ಟ ಜೀರ್ಣವಾಗದೇ ದೊಡ್ಡ ಕರುಳಿನ ತನಕ ಹೋಗುತ್ತದೆ. ಆದರೆ ಮುಂಬಯಿಯ ಸೆಕೆಯಲ್ಲಿ ಅನ್ನವನ್ನು ಹೊರಗಿಡಬೇಡಿ, ಬೇಗ ಫ್ರಿಜ್ಜಿಗೆ ಸೇರಿಸಿ. ಎಲ್ಲವನ್ನೂ ಒಂದೇ ವಾರದಲ್ಲಿ ಶುರು ಮಾಡಿದರೆ ಹೊಟ್ಟೆ ಉಬ್ಬರಿಸಿ ಮಾವ ಮತ್ತೆ ಖಾರಿಗೇ ಹೋಗುತ್ತಾರೆ, ಅದಕ್ಕೇ ನಿಧಾನ. ಸಾಧ್ಯವಾದರೆ ರಾತ್ರಿಯಾದರೂ ಜೊತೆಗೆ ಕೂತು ಉಣ್ಣಿ. ತೂಕ ಇಳಿದಿದ್ದರೆ ಮಾತ್ರ ಅಡುಗೆಮನೆಯ ಉಪಾಯ ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಸಕ್ಕರೆ, ಥೈರಾಯ್ಡ್, ಬಿ12 ನೋಡಲಿ, ಮನಸ್ಸು ಕುಗ್ಗಿದೆಯಾ ಅಂತಲೂ ಕೇಳಲಿ.

ಇನ್ನು ಕ್ಯಾಪ್ಸೂಲ್. ಮನುಷ್ಯರ ಮುಪ್ಪನ್ನು ನಿಧಾನ ಮಾಡುತ್ತದೆ ಅಂತ ಸಾಬೀತಾದ ಕ್ಯಾಪ್ಸೂಲ್ ಒಂದೂ ಇಲ್ಲ. ಆ್ಯಂಟಿಬಯಾಟಿಕ್‌ನಿಂದ ಬರುವ ಭೇದಿಗೆ ಕೆಲವು ಬಗೆಯವು ಉಪಯೋಗಕ್ಕೆ ಬರುತ್ತವೆ ಅನ್ನುವುದು ಬೇರೆ ಮಾತು. ಅಲ್ಲೂ ಒಂದು ತಕರಾರಿದೆ: ಆ್ಯಂಟಿಬಯಾಟಿಕ್ ಮುಗಿದ ಮೇಲೆ ಪ್ರೋಬಯಾಟಿಕ್ ತಿಂದವರಲ್ಲಿ ಸ್ವಂತ ಬ್ಯಾಕ್ಟೀರಿಯಾ ಮರಳಲು ಇನ್ನೂ ತಡವಾಯಿತು ಅಂತ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ತೋರಿಸಿದರು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗಂತೂ ಡಾಕ್ಟರನ್ನು ಕೇಳದೇ ಕೊಡಲೇಬಾರದು. ನಾದಿನಿಗೆ ಬೇಜಾರು ಮಾಡಬೇಡಿ, ಮುಂದಿನ ತಿಂಗಳಿಂದ ಅದೇ ದುಡ್ಡಿನಲ್ಲಿ ಹಣ್ಣು ತರಲು ಹೇಳಿ.

ಪ್ರಶ್ನೆ: ಮೊಸರು ತಿಂದರೆ ನೂರು ವರ್ಷ ಬದುಕಬಹುದು ಅಂತ ನೊಬೆಲ್ ಪಡೆದ ವಿಜ್ಞಾನಿಯೇ ಹೇಳಿದ್ದಾರಂತೆ. ನಿಜವಾ?
– ಪುಣೆಯ ಓದುಗರು

ಉತ್ತರ: ಹೆಚ್ಚು ಕಡಿಮೆ ಹಾಗೇ ಹೇಳಿದ್ದರು. ಎಲಿ ಮೆಚ್ನಿಕಾಫ್, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು. 1908ರ ನೊಬೆಲ್ ಬಂದದ್ದು ಮೊಸರಿಗಲ್ಲ, ರೋಗನಿರೋಧಕ ಶಕ್ತಿಯ ಕೆಲಸಕ್ಕೆ. ಬಲ್ಗೇರಿಯಾದ ರೈತರು ಹುಳಿ ಹಾಲು ಕುಡಿದೇ ದೀರ್ಘಾಯುಷಿಗಳಾಗಿದ್ದಾರೆ ಅಂತ ನಂಬಿ ತಾವೂ ಕುಡಿದರು. 1916ರಲ್ಲಿ 71ನೇ ವಯಸ್ಸಿಗೆ ತೀರಿಕೊಂಡರು. ಆ ಕಾಲಕ್ಕೆ ಕಮ್ಮಿ ಆಯುಷ್ಯವೇನಲ್ಲ, ನೂರಂತೂ ಅಲ್ಲ.

ಆದರೂ ಮೊಸರು ಬಿಡಬೇಡಿ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ 36 ಜನರನ್ನು ಎರಡು ಗುಂಪು ಮಾಡಿ 10 ವಾರ ನೋಡಿದರು; ಮೊಸರಿನಂಥ ಹುಳಿಸಿದ ಆಹಾರ ಜಾಸ್ತಿ ತಿಂದ ಗುಂಪಿನಲ್ಲಿ ಬ್ಯಾಕ್ಟೀರಿಯಾದ ವೈವಿಧ್ಯ ಏರಿತು, ಉರಿಯೂತದ ಗುರುತುಗಳು ಇಳಿದವು. ಸಣ್ಣ ಪ್ರಯೋಗ, ಆದರೆ ಕೆಲಸ ಅಚ್ಚುಕಟ್ಟು. ಇನ್ನೊಂದು ನಿಮ್ಮ ಊರಿನದ್ದೇ: ಒಂದೇ ಸೂರಿನಡಿ ಇರುವ ಅವಿಭಕ್ತ ಕುಟುಂಬಗಳ ಮೂರು ತಲೆಮಾರನ್ನು ಪುಣೆಯ ವಿಜ್ಞಾನಿಗಳು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ರಕ್ತ ಒಂದೇ, ಮನೆ ಒಂದೇ, ಆದರೂ ಅಜ್ಜ, ಮಗ, ಮೊಮ್ಮಗನ ಕರುಳಿನ ಬ್ಯಾಕ್ಟೀರಿಯಾ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ.

ಪ್ರಶ್ನೆ: ಆರು ವರ್ಷದಿಂದ ದಿನಾ ಬೆಳಿಗ್ಗೆ ಗ್ಯಾಸಿನ ಮಾತ್ರೆ (ಪ್ಯಾಂಟೊಪ್ರಜೋಲ್) ತಗೊಳ್ತೇನೆ. ಇದರಿಂದ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವಾ?
– ವಾಸ್ಕೋದ ಓದುಗರು

ಉತ್ತರ: ಸಾಯುವುದಕ್ಕಿಂತ, ಬರಬಾರದವು ಒಳಗೆ ಬರುತ್ತವೆ. ಹೊಟ್ಟೆಯ ಆಮ್ಲ ಕಾವಲಿಗಿದೆ, ಮಾತ್ರೆ ಅದನ್ನು ತಗ್ಗಿಸುತ್ತದೆ, ಬಾಯಿಯ ಬ್ಯಾಕ್ಟೀರಿಯಾ ಕರುಳಿನ ತನಕ ಇಳಿದುಹೋಗುತ್ತವೆ. ಬಹುಕಾಲ ತಗೊಂಡರೆ ಬಿ12 ಕೂಡ ಕಮ್ಮಿಯಾಗಬಹುದು. ಆದರೆ ಇದನ್ನೋದಿ ನಾಳೆಯೇ ನಿಲ್ಲಿಸಬೇಡಿ! ಥಟ್ಟನೆ ಬಿಟ್ಟರೆ ಉರಿ ಇಮ್ಮಡಿಯಾಗಿ ಬರುತ್ತದೆ. ಹೃದಯಕ್ಕೆ ಆಸ್ಪಿರಿನ್ ಅಥವಾ ಮಂಡಿನೋವಿಗೆ ಮಾತ್ರೆ ನುಂಗುತ್ತಿದ್ದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲೆಂದೇ ಇದನ್ನು ಬರೆದುಕೊಟ್ಟಿರಬಹುದು. ಹಳೇ ಚೀಟಿ ಹುಡುಕಿ ತೆಗೆದುಕೊಂಡು ಹೋಗಿ, ಯಾಕೆ ಶುರು ಮಾಡಿದ್ದು, ಈಗಲೂ ಬೇಕಾ ಅಂತ ಡಾಕ್ಟರನ್ನೇ ಕೇಳಿ.