ಓಎಇ ಎರಡು ಸಲ ‘ರೆಫರ್’ ಬಂದ ಮಗುವಿಗೆ ಬೆರಾ ಯಾಕೆ?

ಎರಡು ತಿಂಗಳ ಮಗುವಿಗೆ ಓಎಇಯಲ್ಲಿ (ಒಳಕಿವಿಯೇ ಹೊರಡಿಸುವ ದನಿ ಹಿಡಿಯುವ ಪರೀಕ್ಷೆ) ಎರಡು ಸಲ ‘ರೆಫರ್’ ಬಂತು, ಈಗ ಬೆರಾ (ಸದ್ದಿಗೆ ಕಿವಿಯ ನರ, ಮಿದುಳಕಾಂಡ ಕೊಡುವ ಸಂಕೇತ ಅಳೆಯುವ ಪರೀಕ್ಷೆ) ಮಾಡಿಸಿ ಅಂತಿದ್ದಾರೆ, ಕೇಳಿಸ್ತು ಅಂತ ಹೇಳಲಾರದ ಕೂಸಿನ ಕಿವಿ ಹೇಗೆ ಅಳೀತಾರೆ ಅಂತ ಕೇಳಿದ್ದೀರಿ.

ಮೊದಲಿಗೆ, ರೆಫರ್ ಅಂದರೆ ಕಿವುಡು ಅಂತಲ್ಲ, ಪಾಸ್ ಆಗಲಿಲ್ಲ, ಇನ್ನೂ ಪರೀಕ್ಷಿಸಬೇಕು ಅಂತಷ್ಟೇ. ಓಎಇಯಲ್ಲಿ ಸದ್ದು ಕೊಟ್ಟಾಗ ಒಳಕಿವಿಯ ಹೊರ ಕೂದಲುಕೋಶಗಳು ತಾವೇ ಒಂದು ಸಣ್ಣ ದನಿ ಹೊರಡಿಸುತ್ತವೆ. ಕಿವಿಯಲ್ಲಿಟ್ಟ ಪ್ರೋಬಿನ ಮೈಕು ಅದನ್ನು ಹಿಡಿಯುತ್ತೆ. ಆದರೆ ಆ ದನಿ ಮಧ್ಯಕಿವಿ ದಾಟಿಯೇ ಹೊರಬರಬೇಕು. ಅಲ್ಲಿ ನೀರು ತುಂಬಿದ್ದರೂ, ಪ್ರೋಬಿನ ತೂತಿಗೆ ಗುಗ್ಗೆ ಮೆತ್ತಿದ್ದರೂ, ಮಗು ಚೀಪುತ್ತಾ ಇದ್ದರೂ ರೆಫರ್ ಬರುತ್ತೆ. ಅದಕ್ಕೇ ಟಿಂಪನೋಮೆಟ್ರಿಯೂ (ಕಿವಿಯೊಳಗೆ ಗಾಳಿಯ ಒತ್ತಡ ಬದಲಿಸಿ ಮಧ್ಯಕಿವಿ ನೋಡುವ ಪರೀಕ್ಷೆ) ಆಗಲಿ, ಅದೂ 1000 ಹರ್ಟ್ಸ್ ಟೋನ್‌ನಲ್ಲಿ. ದೊಡ್ಡವರಿಗೆ ಬಳಸುವ 226 ಹರ್ಟ್ಸ್ ಇಟ್ಟರೆ ಕೂಸಿನ ಮೆತ್ತನೆ ಕಿವಿನಾಳವೇ ಅಲ್ಲಾಡಿ, ನೀರಿರುವ ಕಿವಿಯೂ ಸರಿಯಿದ್ದಂತೆ ಕಾಣಬಹುದು.

ಬೆರಾಗೆ ಮಗು ನಿದ್ದೆ ಮಾಡಿದರೆ ಸಾಕು. ಹಣೆಗೂ ಕಿವಿ ಹಿಂದಿನ ಮೂಳೆಗೂ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಇಂಪೆಡೆನ್ಸ್ (ಚರ್ಮ ವಿದ್ಯುತ್ತಿಗೆ ಒಡ್ಡುವ ತಡೆ) 5 ಕಿಲೋ ಓಮ್‌ಗಿಂತ ಕೆಳಗಿಳಿಯಬೇಕು ಅಂತ ಚರ್ಮ ಸ್ವಲ್ಪ ಉಜ್ಜುತ್ತಾರೆ. ಹಾಗಾಗಿ ಅವತ್ತು ಹಣೆಗೆ ಎಣ್ಣೆ, ಕ್ರೀಮು ಬೇಡ. ಬರುವ ದಾರಿಯಲ್ಲಿ ಮಲಗಿಸಬೇಡಿ, ಅಲ್ಲಿ ಹೋಗಿ ಹಾಲು ಕೊಡಿ. ಈ ವಯಸ್ಸಿಗೆ ಸಾಮಾನ್ಯವಾಗಿ ನಿದ್ದೆ ಔಷಧಿ ಬೇಕಾಗಲ್ಲ.

ಒಂದೊಂದು ಮಟ್ಟದಲ್ಲೂ ಸಾವಿರ, ಎರಡು ಸಾವಿರ ಸಲ ಸದ್ದು ಕೊಟ್ಟು ಸರಾಸರಿ ತೆಗೆದಾಗ ನರ ಮತ್ತು ಮಿದುಳಕಾಂಡದ ಅಲೆಗಳು ಮೂಡುತ್ತವೆ. ನೋಡಬೇಕಾದ್ದು ಐದನೇ ಅಲೆ. ಸದ್ದು ಇಳಿಸಿದಂತೆಲ್ಲ ಅದು ತಡವಾಗುತ್ತಾ, ಕುಗ್ಗುತ್ತಾ ಕೊನೆಗೆ ಮಾಯವಾಗುತ್ತೆ. ಕಡೇ ಸಲ ಕಂಡ ಮಟ್ಟದಿಂದಲೇ ಎಷ್ಟು ಕೇಳಿಸುತ್ತೆ ಅಂತ ಅಂದಾಜು ಮಾಡೋದು. ಒಂದೇ ಮಟ್ಟದಲ್ಲಿ ಎರಡು ಸಲ ತೆಗೆದ ಗೆರೆಗಳು ಒಂದರ ಮೇಲೊಂದು ಕೂರದಿದ್ದರೆ ನಾನಂತೂ ಅದನ್ನು ಅಲೆ ಅಂತ ಒಪ್ಪಲ್ಲ. ಮಗು ಮಿಸುಕಿದರೆ ಸ್ನಾಯುಗಳ ಗದ್ದಲವೂ ಅಲೆಯ ಹಾಗೇ ಕಾಣಬಹುದು.

ಬರೀ ಕ್ಲಿಕ್ (ಚಿಟಿಕೆಯಂಥ ಚುಟುಕು) ಸದ್ದಿನ ಬೆರಾಗೆ ನಿಲ್ಲಿಸಬೇಡಿ. ಅದು ಹೇಳೋದು ಹೆಚ್ಚಾಗಿ 2000ದಿಂದ 4000 ಹರ್ಟ್ಸ್ ಬಗ್ಗೆ. ಕ್ಲಿಕ್‌ಗೆ ಅಲೆ ಬರದಿದ್ದರೂ 500 ಹರ್ಟ್ಸ್‌ನಲ್ಲಿ ಶ್ರವಣ ಉಳಿದಿರಬಹುದು. ಟೋನ್ ಬರ್ಸ್ಟ್, ಅಂದರೆ ಒಂದೊಂದೇ ಕಂಪನಾಂಕದ ಚುಟುಕು ಸದ್ದಿನ ಬೆರಾನೂ ಮಾಡಿಸಿ. ಮಿತಿ, ಅಂದರೆ ಅಲೆ ಕಾಣುವ ಕನಿಷ್ಠ ಮಟ್ಟ, ಏರಿದ್ದರೆ ಬೋನ್ ಕಂಡಕ್ಷನ್ (ತಲೆಯ ಮೂಳೆ ಮೂಲಕ ಸದ್ದು ಕೊಡೋದು) ಕೂಡ. ತೊಂದರೆ ಮಧ್ಯಕಿವಿಯದೋ ಒಳಗಿನದೋ ಅನ್ನೋದು ಅದರಿಂದ ಗೊತ್ತಾಗುತ್ತೆ.

ಐಸಿಯುನಲ್ಲಿದ್ದ ಮಗುವಾದರೆ ಇನ್ನೊಂದು ಮಾತು. ಆಡಿಟರಿ ನ್ಯೂರೋಪತಿಯಲ್ಲಿ ಕೂದಲುಕೋಶ ಸರಿ, ನರದ ಸಂದೇಶವೇ ಚದುರಿಹೋಗಿರುತ್ತೆ. ಅಂಥ ಕಡೆ ಓಎಇ ಪಾಸ್, ಬೆರಾ ಗೆರೆ ಚಪ್ಪಟೆ. ಗೆರೆ ಚಪ್ಪಟೆ ಬಂದರೆ ಕ್ಲಿಕ್ಕನ್ನು ಎರಡೂ ಪೋಲಾರಿಟಿಯಲ್ಲಿ (ಸದ್ದಿನ ಅಲೆ ನೇರ, ತಿರುವು ಮಾಡಿ) ಬೇರೆ ಬೇರೆಯಾಗಿ ತೆಗೆಯಲು ಹೇಳಿ: ಶುರುವಿನಲ್ಲಷ್ಟೇ ಅಲೆಗಳು ಕಂಡು, ಅವು ತಲೆಕೆಳಗಾದರೆ ಅದು ಕಾಕ್ಲಿಯಾದ್ದು (ಒಳಕಿವಿಯದ್ದು), ನರದ್ದಲ್ಲ.